ಸೋರುವ ಹಳೆಯ ಮಳಿಗೆಗಳು: ಕಾರಣವೇನು, ಪರಿಹಾರವೇನು?

ನಮ್ಮ ನಾಡಿನ ಯಾವುದೇ ಹಳೆಯ ಊರಿನ ಪೇಟೆಬೀದಿಯಲ್ಲಿ ನಡೆದರೂ ನೂರು ವರ್ಷ ದಾಟಿದ ಅಂಗಡಿ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ಕಲ್ಲಿನ ಕಂಬ, ಕಮಾನಿನ ಬಾಗಿಲು, ತೇಗದ ತೊಲೆ, ಗಚ್ಚಿನ ಮಾಳಿಗೆ ಇವುಗಳ ನೆರಳಿನಲ್ಲಿ ಮೂರು ನಾಲ್ಕು ತಲೆಮಾರುಗಳು ಬಟ್ಟೆ, ಕಿರಾಣಿ, ಪಾತ್ರೆ, ಪುಸ್ತಕಗಳ ವ್ಯಾಪಾರ ಮಾಡಿ ಮಕ್ಕಳಿಗೆ ವಿದ್ಯೆ ಕೊಡಿಸಿವೆ, ದಾನಧರ್ಮಗಳಿಗೆ ಕೈ ನೀಡಿವೆ. ಆದರೆ ಮಳೆಗಾಲ ಬಂತೆಂದರೆ ಇದೇ ಅಂಗಡಿಗಳಲ್ಲಿ ಬಕೆಟ್ಟುಗಳನ್ನು ಸಾಲಾಗಿ ಇಡುವುದು, ಸರಕಿನ ಮೇಲೆ ತಾಡಪಾಲು ಹೊದಿಸುವುದು ವರ್ಷವರ್ಷದ ಪದ್ಧತಿಯಾಗಿಬಿಟ್ಟಿದೆ. "ಹನಿ ಹನಿ ಕೂಡಿದರೆ ಹಳ್ಳ" ಎಂಬ ಗಾದೆಯನ್ನು ನಾವು ಉಳಿತಾಯದ ಪಾಠವಾಗಿ ಮಕ್ಕಳಿಗೆ ಹೇಳುತ್ತೇವೆ. ಛಾವಣಿಯ ವಿಷಯದಲ್ಲಿ ಅದೇ ಗಾದೆ ಎಚ್ಚರಿಕೆಯ ಮಾತಾಗುತ್ತದೆ.

ಸೋರಿಕೆಯೆಂದರೆ ಒದ್ದೆಯಾದ ಸರಕಿನ ನಷ್ಟ ಮಾತ್ರವಲ್ಲ. ಅದು ಕಟ್ಟಡದ ಆಯುಷ್ಯದ ಪ್ರಶ್ನೆ. ಕೆಲವೊಮ್ಮೆ ಅದರೊಳಗೆ ದುಡಿಯುವವರ ಪ್ರಾಣದ ಪ್ರಶ್ನೆ.

ಮೈಸೂರು ಕಲಿಸಿದ ಪಾಠ

ಮೈಸೂರು ನಗರದ ಹೃದಯಭಾಗದಲ್ಲಿರುವ ಲ್ಯಾನ್ಸ್‌ಡೌನ್ ಕಟ್ಟಡವನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. 1892ರಲ್ಲಿ ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಭೇಟಿಯಿತ್ತುದರ ನೆನಪನ್ನು ಹೊತ್ತ ಈ ಕಟ್ಟಡದ ಅಂಗಡಿ ಸಾಲಿನಲ್ಲಿ ಹಳೆಯ ಪುಸ್ತಕಗಳನ್ನು ಹುಡುಕಿ ಕೊಂಡು ಓದಿದ ವಿದ್ಯಾರ್ಥಿಗಳು ಅಸಂಖ್ಯ. 2012ರ ಆಗಸ್ಟ್ 25ರಂದು ಈ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷಗಳ ತರುವಾಯ, 2016ರ ಆಗಸ್ಟ್ 28ರಂದು, ಅಲ್ಲಿಗೆ ಸಮೀಪದ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲಿನ ಭಾಗ ಉರುಳಿತು. ಹೂವು, ಹಣ್ಣು, ವೀಳ್ಯದೆಲೆ, ಅರಿಸಿನ ಕುಂಕುಮಗಳಿಗೆ ಹೆಸರಾದ ಆ ಮಾರುಕಟ್ಟೆಯಲ್ಲಿ ಆಗ ದುರಸ್ತಿಯ ಕಾಮಗಾರಿಯೂ ನಡೆದಿತ್ತು. ಈ ಕಟ್ಟಡಗಳನ್ನು ದುರಸ್ತಿ ಮಾಡಿ ಉಳಿಸಬೇಕೆ, ಕೆಡವಿ ಮತ್ತೆ ಕಟ್ಟಬೇಕೆ ಎಂಬ ವಾದ ಬಹುಕಾಲ ನಡೆದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಒಂದು ಕಟ್ಟಡ ಬೀಳುವುದಕ್ಕೆ ಕಾರಣ ಒಂದೇ ಆಗಿರುವುದಿಲ್ಲ. ಭಾರ, ವಯಸ್ಸು, ಅಲಕ್ಷ್ಯ, ಅವಿಚಾರದ ಮಾರ್ಪಾಡು ಎಲ್ಲವೂ ಸೇರಿರುತ್ತವೆ. ಆದರೆ ಈ ಎರಡು ಘಟನೆಗಳೂ ಮಳೆಗಾಲದ ಆಗಸ್ಟ್ ತಿಂಗಳಿನಲ್ಲಿಯೇ ನಡೆದವೆಂಬುದನ್ನು ನಾವು ಮರೆಯಲಾಗದು. ಸುಣ್ಣದ ಗಾರೆಯ ಗೋಡೆಗೂ ಮರದ ತೊಲೆಗೂ ನೀರಿಗಿಂತ ದೊಡ್ಡ ವೈರಿ ಇಲ್ಲ.

ಹಿರಿಯರು ಕಟ್ಟಿದ ಬಗೆ

ಹಳೆಯ ಛಾವಣಿಯನ್ನು ದುರಸ್ತಿ ಮಾಡಬೇಕಾದರೆ ಮೊದಲು ಅದನ್ನು ಹೇಗೆ ಕಟ್ಟಿದ್ದಾರೆಂಬುದನ್ನು ತಿಳಿಯುವುದು ಅವಶ್ಯ. ದಕ್ಷಿಣ ಭಾರತದ ಹಳೆಯ ಮಳಿಗೆಗಳಲ್ಲಿ ಬಹಳವಾಗಿ ಕಂಡುಬರುವುದು ಮದ್ರಾಸ್ ತಾರಸಿ ಎಂದು ಕರೆಯಲ್ಪಡುವ ಛಾವಣಿ. ಗೋಡೆಯಿಂದ ಗೋಡೆಗೆ ತೊಲೆಗಳನ್ನಿಟ್ಟು, ಅವುಗಳ ಮೇಲೆ ಹತ್ತಿರ ಹತ್ತಿರವಾಗಿ ತೇಗದ ಜಂತೆಗಳನ್ನು ಜೋಡಿಸುತ್ತಿದ್ದರು. ಜಂತೆಗಳ ಮೇಲೆ ಸುಮಾರು ಆರು ಅಂಗುಲ ಉದ್ದ, ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಚಿಕ್ಕ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಿದ್ದರು. ಅದರ ಮೇಲೆ ಇಟ್ಟಿಗೆಚೂರು ಮತ್ತು ಸುಣ್ಣ ಬೆರೆಸಿದ ಗಚ್ಚನ್ನು ಸುಮಾರು ಮೂರು ಅಂಗುಲ ದಪ್ಪಕ್ಕೆ ಹಾಸಿ ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಯುವಾಗ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುವ ರೂಢಿಯಿತ್ತು. ಕೊನೆಯಲ್ಲಿ ಚಪ್ಪಟೆ ಬಿಲ್ಲೆಗಳನ್ನು ಎರಡು ಮೂರು ವರಸೆಯಾಗಿ, ಕೆಳಗಿನ ಸಂದು ಮೇಲಿನ ಬಿಲ್ಲೆಯಡಿ ಮುಚ್ಚಿಹೋಗುವಂತೆ ಹಾಸಿ, ಮಳೆನೀರಿನ ಹರನಾಳಿಗೆಯ ಕಡೆಗೆ ಇಳಿಜಾರು ಕೊಡುತ್ತಿದ್ದರು.

ಈ ಛಾವಣಿಯ ಮರ್ಮವೇನೆಂದರೆ, ಅದು ನೀರನ್ನು ಹಟದಿಂದ ತಡೆಯುವುದಿಲ್ಲ, ಬೇಗ ಸಾಗಹಾಕುತ್ತದೆ. ಸ್ವಲ್ಪ ನೀರು ಒಳಗೆ ಇಳಿದರೂ ಮಳೆ ನಿಂತು ಬಿಸಿಲು ಬಂದಾಗ ಸುಣ್ಣದ ಸೂಕ್ಷ್ಮ ರಂಧ್ರಗಳ ಮೂಲಕ ಅದು ಆವಿಯಾಗಿ ಹೊರಹೋಗುತ್ತದೆ. ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಮತ್ತೆ ಸುಣ್ಣದಕಲ್ಲಾಗುತ್ತದೆ. ಮರದ ಜಂತೆಗಳು ಚಳಿ ಬಿಸಿಲುಗಳಿಗೆ ಹಿಗ್ಗಿ ಕುಗ್ಗಿದಾಗ ಸುಣ್ಣದ ಗಾರೆ ತುಸು ಬಾಗಿ ಸಹಿಸಿಕೊಳ್ಳುತ್ತದೆ. ಉಸಿರಾಡುವ ಛಾವಣಿ ಎಂದು ತಜ್ಞರು ಇದನ್ನು ಕರೆಯುವುದು ಈ ಕಾರಣದಿಂದಲೇ.

ನೀರಿನ ಲೆಕ್ಕ

ಮಾಳಿಗೆಯ ಮೇಲೆ ಎಷ್ಟು ನೀರು ಬೀಳುತ್ತದೆಂಬ ಲೆಕ್ಕ ನಮ್ಮಲ್ಲಿ ಅನೇಕರಿಗೆ ಇರುವುದಿಲ್ಲ. ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲದ ಮಾಳಿಗೆಯನ್ನು ತೆಗೆದುಕೊಳ್ಳೋಣ. ಒಂದು ಮಿಲಿಮೀಟರು ಮಳೆ ಸುರಿದರೆ ಅದರ ಮೇಲೆ 100 ಲೀಟರು ನೀರು ಬಿದ್ದಂತೆ. ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆಯಾಗುವ ಮೈಸೂರಿನಂತಹ ಊರಿನಲ್ಲಿ ಅದು 80,000 ಲೀಟರು. ಒಂದು ಸಂಜೆ 50 ಮಿಲಿಮೀಟರು ಮಳೆ ಹೊಡೆದರೆ 5,000 ಲೀಟರು ನೀರು ಹರನಾಳಿಗೆಗಳ ಮೂಲಕವೇ ಇಳಿದುಹೋಗಬೇಕು. ಅವುಗಳ ಬಾಯಿಗೆ ತರಗೆಲೆ, ಪ್ಲಾಸ್ಟಿಕ್ ಚೀಲ, ಪಾರಿವಾಳದ ಗೂಡು ಅಡ್ಡಬಂದು ಮಾಳಿಗೆಯ ಮೇಲೆ ಹತ್ತು ಸೆಂಟಿಮೀಟರು ನೀರು ನಿಂತಿತೆಂದರೆ, ಅದರ ತೂಕ ಹತ್ತು ಟನ್ನು! ಕಟ್ಟಿದವರು ಈ ಭಾರವನ್ನು ಎಣಿಸಿರಲಿಲ್ಲ.

ಇದರ ಮೇಲೆ ನಾವು ಹೊರಿಸುವ ಭಾರ ಬೇರೆ. 1,000 ಲೀಟರಿನ ಒಂದು ತೊಟ್ಟಿ ತುಂಬಿದರೆ ಒಂದು ಟನ್ನಿಗೂ ಹೆಚ್ಚು ತೂಗುತ್ತದೆ. ಹವಾನಿಯಂತ್ರಣ ಯಂತ್ರಗಳು, ಜಾಹೀರಾತು ಫಲಕದ ಕಬ್ಬಿಣದ ಚೌಕಟ್ಟು, ಹಳೆಯ ಪೀಠೋಪಕರಣಗಳ ರಾಶಿ ಎಲ್ಲವೂ ಮಾಳಿಗೆಯನ್ನೇ ಏರುತ್ತವೆ. ಫಲಕ ನಿಲ್ಲಿಸಲು ಕೊರೆದ ಒಂದೊಂದು ತೂತೂ ನೀರಿಗೆ ತೆರೆದ ಒಂದೊಂದು ಬಾಗಿಲು.

ಸಿಮೆಂಟಿನ ಮೋಹ

ಮಾಳಿಗೆ ಸೋರಿತೆಂದರೆ ನಮಗೆ ಥಟ್ಟನೆ ಹೊಳೆಯುವ ಉಪಾಯ ಒಂದೇ: ಮೇಲೊಂದು ಪದರ ಸಿಮೆಂಟು ಹಾಕಿಸುವುದು. ಎರಡು ವರ್ಷ ಸೋರಿಕೆ ನಿಂತಂತೆ ತೋರುತ್ತದೆ. ಮೂರನೆಯ ವರ್ಷ ಮತ್ತೆ ಆರಂಭವಾಗುತ್ತದೆ. ಆಗ ಇನ್ನೊಂದು ಪದರ, ಆ ಬಳಿಕ ಡಾಂಬರಿನ ಹಾಳೆ, ಅದರ ಮೇಲೆ ಬಿಳಿಯ ರಾಸಾಯನಿಕ ಲೇಪ. ಹಳೆಯ ಪೇಟೆಗಳ ಎಷ್ಟೋ ಮಾಳಿಗೆಗಳು ಹೀಗೆ ಪದರದ ಮೇಲೆ ಪದರ ಹೊತ್ತು ಬಳಲಿವೆ.

ಸಿಮೆಂಟು ಕೆಟ್ಟ ವಸ್ತುವೆಂದು ನಾವು ಹೇಳುತ್ತಿಲ್ಲ. ಕಾಂಕ್ರೀಟಿನ ಕಟ್ಟಡಕ್ಕೆ ಅದು ಸರಿಯಾದುದೇ. ಆದರೆ ಸುಣ್ಣ ಮತ್ತು ಮರದ ಛಾವಣಿಗೂ ಅದಕ್ಕೂ ಸ್ವಭಾವ ಕೂಡಿಬರುವುದಿಲ್ಲ. ಸಿಮೆಂಟು ಬಿರುಸು, ಕೆಳಗಿನ ಜಂತೆಗಳು ಅಲುಗಿದಾಗ ಬಾಗಲಾರದೆ ಕೂದಲೆಳೆಯಂತೆ ಸೀಳುತ್ತದೆ. ಆ ಸೀಳಿನಿಂದ ಇಳಿದ ನೀರು ಮೇಲಿನ ಬಿಗಿಪದರದಿಂದಾಗಿ ಆವಿಯಾಗಿ ಹೊರಹೋಗಲಾರದು. ಹೊರದಾರಿ ಕಾಣದ ತೇವ ಕೆಳಮುಖವಾಗಿ ಜಂತೆಗಳನ್ನೂ, ಪಕ್ಕಕ್ಕೆ ಸರಿದು ಗೋಡೆಯೊಳಗಿನ ತೊಲೆಯ ತುದಿಗಳನ್ನೂ ಸೇರುತ್ತದೆ. ಅಲ್ಲಿ ಮರ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ. ಕಬ್ಬಿಣದ ತೊಲೆಯಿದ್ದಲ್ಲಿ ತುಕ್ಕು ಹಿಡಿದು, ತುಕ್ಕು ಮೂಲ ಕಬ್ಬಿಣದ ಹಲವು ಪಟ್ಟು ಜಾಗ ಬೇಡುವುದರಿಂದ ಗೋಡೆಯೇ ಬಿರಿಯುತ್ತದೆ. ಕೆಳಗೆ ನಿಂತವರಿಗೆ ಹನಿ ಕಾಣಿಸದೆ, ಮಾಳಿಗೆ ಸರಿಹೋಯಿತೆಂಬ ನೆಮ್ಮದಿಯಿರುತ್ತದೆ. ತೊಲೆ ಮಾತ್ರ ಒಳಗೊಳಗೇ ಪೊಳ್ಳಾಗುತ್ತಿರುತ್ತದೆ.

ಭಾರದ ಮಾತನ್ನೂ ಇಲ್ಲಿ ಹೇಳಬೇಕು. ನಾವು ಮೇಲೆ ಹೇಳಿದ ಹತ್ತು ಮೀಟರಿನ ಮಾಳಿಗೆಗೆ ಐದು ಸೆಂಟಿಮೀಟರು ದಪ್ಪದ ಕಾಂಕ್ರೀಟು ಹಾಸಿದರೆ ಅದೊಂದೇ ಸುಮಾರು ಹನ್ನೆರಡು ಟನ್ನು. ತೊಲೆಯ ತುದಿ ಕೊಳೆಯುತ್ತಿರುವ ವೇಳೆಗೇ ಅದರ ಹೆಗಲಿಗೆ ಹೊಸ ಹೊರೆ! ದುರಸ್ತಿಯೆಂದು ನಾವು ತಿಳಿದುದು ಹೀಗೆ ಅಪಾಯವೇ ಆಗಿ ಪರಿಣಮಿಸುವುದುಂಟು.

ಸೋರಿಕೆಯ ಮೂಲ ಹುಡುಕುವುದು

ಹನಿ ಬೀಳುವ ಜಾಗದ ನೇರ ಮೇಲೆಯೇ ತೂತು ಇರುತ್ತದೆಂದು ಭಾವಿಸುವುದು ಸಾಮಾನ್ಯ ತಪ್ಪು. ನೀರು ಒಂದು ಕಡೆ ಒಳನುಗ್ಗಿ, ಜಂತೆಯ ಗುಂಟ ಹರಿದು, ಹತ್ತಡಿ ಆಚೆ ತೊಟ್ಟಿಕ್ಕಬಹುದು. ಆದುದರಿಂದ ಮೊದಲು ನೋಡಬೇಕಾದುದು ಸಂದುಗಳನ್ನು: ಮಾಳಿಗೆಯೂ ಮೋಟುಗೋಡೆಯೂ ಕೂಡುವ ಅಂಚು, ಹರನಾಳಿಗೆಯ ಸುತ್ತಲಿನ ಗಾರೆ, ಪಕ್ಕದ ಎತ್ತರದ ಕಟ್ಟಡ ತಾಗುವ ಜಾಗ, ಮೋಟುಗೋಡೆಯ ನೆತ್ತಿ. ಸೋರಿಕೆಯ ಬಹುಪಾಲು ಇಂತಹ ಕಡೆಗಳಲ್ಲಿಯೇ ಹುಟ್ಟುತ್ತದೆ; ಬಯಲಿನಂತಹ ನಡುಭಾಗದಲ್ಲಿ ಕಡಿಮೆ.

ತೇವವೆಲ್ಲ ಮಳೆಯದೇ ಎಂದೂ ತಿಳಿಯಬಾರದು. ಬಿರುಬೇಸಿಗೆಯಲ್ಲಿಯೂ ಕಲೆ ಒಣಗದಿದ್ದರೆ ದೋಷ ತೊಟ್ಟಿಯದೋ, ಕೊಳಾಯಿಯದೋ, ಮೇಲಂತಸ್ತಿನ ಬಚ್ಚಲಿನದೋ, ಹವಾನಿಯಂತ್ರಣ ಯಂತ್ರದ ನೀರಿನದೋ ಆಗಿರುತ್ತದೆ. ಇಟ್ಟಿಗೆಯ ಮೇಲೆ ಬಿಳಿಯ ಉಪ್ಪು ಅರಳಿದ್ದರೆ ನೀರು ಬಹುದಿನದಿಂದ ಒಳಗೆ ಓಡಾಡುತ್ತಿದೆಯೆಂದು ಅರ್ಥ. ಗಚ್ಚನ್ನು ಮರದ ಕೋಲಿನಿಂದ ತಟ್ಟಿದಾಗ ಪೊಳ್ಳು ಸದ್ದು ಬಂದಲ್ಲಿ ಅದು ತಳ ಬಿಟ್ಟಿದೆ. ಗೋಡೆಯೊಳಗೆ ಹೋಗುವ ತೊಲೆಯ ತುದಿಯನ್ನು ಗೋಣಿಚೀಲ ಹೊಲಿಯುವ ದಬ್ಬಳದಿಂದ ಚುಚ್ಚಿ ನೋಡಬೇಕು. ಗಟ್ಟಿಮರದಲ್ಲಿ ದಬ್ಬಳ ನಾಟುವುದಿಲ್ಲ. ಬೆಣ್ಣೆಗಿಳಿದಂತೆ ಇಳಿದರೆ ಅದೇ ದಿನ ಇಂಜಿನಿಯರರನ್ನು ಕರೆಸಬೇಕು.

ಹೊಸ ಕಟ್ಟಡಗಳಲ್ಲಿ ಮಾಡುವಂತೆ ಮಾಳಿಗೆಯ ಮೇಲೆ ನೀರು ನಿಲ್ಲಿಸಿ ಪರೀಕ್ಷಿಸುವ ಕ್ರಮ ಹಳೆಯ ಮದ್ರಾಸ್ ತಾರಸಿಗೆ ಸಲ್ಲದು. ರಬ್ಬರು ಕೊಳವೆಯಿಂದ ತಗ್ಗಿನ ಭಾಗದಿಂದ ಆರಂಭಿಸಿ, ಒಂದೊಂದೇ ಭಾಗಕ್ಕೆ ಸ್ವಲ್ಪ ಹೊತ್ತು ನೀರು ಬಿಟ್ಟು, ಕೆಳಗೊಬ್ಬರು ನಿಂತು ನೋಡುವುದು ಕ್ಷೇಮ.

ದುರಸ್ತಿಯ ಕ್ರಮ

ಮೊದಲನೆಯದಾಗಿ ಭಾರ ಇಳಿಸಬೇಕು. ಬೇಡದ ಸಾಮಾನು, ತುಂಬಿದ ತೊಟ್ಟಿ, ಫಲಕದ ಚೌಕಟ್ಟುಗಳು ಮಾಳಿಗೆಯಿಂದ ಕೆಳಗಿಳಿಯಲಿ. ಎರಡನೆಯದಾಗಿ ಹರನಾಳಿಗೆಗಳನ್ನು ಚೊಕ್ಕಟ ಮಾಡಿ, ಬಾಯಿಗೆ ಜಾಲರಿ ಹಾಕಿ, ನೀರು ಗೋಡೆಗೆ ಸಿಡಿಯದಂತೆ ಹೊರಚಾಚಿಸಬೇಕು. ಎಷ್ಟೋ ಸೋರಿಕೆಗಳು ಈ ಎರಡು ಕೆಲಸಗಳಿಂದಲೇ ಅರ್ಧಕ್ಕೆ ಇಳಿಯುತ್ತವೆ.

ಮೋಟುಗೋಡೆಯ ಸಂದಿನಲ್ಲಿ ಬೇರೂರಿದ ಅರಳಿ, ಆಲದ ಸಸಿಗಳನ್ನು ಎಳೆದು ಕೀಳಬಾರದು. ಬೇರಿನೊಡನೆ ಇಟ್ಟಿಗೆಗಳೂ ಬರುತ್ತವೆ. ಬುಡಕ್ಕೆ ಕತ್ತರಿಸಿ, ಬೇರು ಸಾಯುವ ಔಷಧಿ ಹಚ್ಚಿ, ಸತ್ತ ಮೇಲೆ ತೆಗೆದು ಸಂದನ್ನು ಗಾರೆಯಿಂದ ತುಂಬಬೇಕು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಬಿರುಕುಗಳನ್ನು ಮೇಲೆ ಮೇಲೆ ಸವರಿದರೆ ಪ್ರಯೋಜನವಿಲ್ಲ. ಉಳಿಯಿಂದ ಬಿಡಿಸಿ, ಧೂಳು ತೆಗೆದು, ನೀರು ಚಿಮುಕಿಸಿ, ಚೆನ್ನಾಗಿ ಅರಳಿ ಹದಗೊಂಡ ಸುಣ್ಣಕ್ಕೆ ಮರಳನ್ನೂ ನುಣ್ಣನೆಯ ಇಟ್ಟಿಗೆಪುಡಿಯನ್ನೂ ಬೆರೆಸಿ ಒತ್ತಿ ತುಂಬಬೇಕು. ಇಟ್ಟಿಗೆಪುಡಿ ಸೇರಿದ ಸುಣ್ಣ ತೇವದಲ್ಲಿಯೂ ಗಟ್ಟಿಯಾಗುತ್ತದೆ. ಮಾಳಿಗೆ ಮತ್ತು ಮೋಟುಗೋಡೆ ಕೂಡುವ ಮೂಲೆಯನ್ನು ಚೂಪಾಗಿ ಬಿಡದೆ ಗಾರೆಯಿಂದ ದುಂಡಾಗಿ ತಿದ್ದಬೇಕು. ಹೀಗೆ ಮಾಡಿದ ಗಾರೆಯನ್ನು ಬಿಸಿಲಿಗೆ ಥಟ್ಟನೆ ಒಣಗಲು ಬಿಡದೆ, ಒದ್ದೆ ಗೋಣಿ ಹೊದಿಸಿ ದಿನಗಟ್ಟಲೆ ತೇವವಾಗಿಡಬೇಕು. ಅವಸರ ಸುಣ್ಣಕ್ಕೆ ಹಿಡಿಸದು.

ಹಿಂದಿನವರು ಹಾಕಿದ ಸಿಮೆಂಟು ಪದರಗಳಿದ್ದಲ್ಲಿ ಅವುಗಳನ್ನು ತೆಗೆಸುವುದೇ ನಿಜವಾದ ದುರಸ್ತಿ. ಆದರೆ ಯಂತ್ರದಿಂದ ಒಡೆಸುವುದು ಅಪಾಯಕರ. ಅದರ ಅದಿರಾಟಕ್ಕೆ ಕೆಳಗಿನ ಇಟ್ಟಿಗೆವರಸೆ ಸಡಿಲಾಗುತ್ತದೆ. ಕೆಳಗೆ ಆಧಾರದ ಕಂಬಗಳನ್ನು ಕೊಟ್ಟು, ಅಂಗಡಿ ತೆರವು ಮಾಡಿಸಿ, ಕೈಯುಳಿಯಿಂದ ಸ್ವಲ್ಪಸ್ವಲ್ಪವಾಗಿ ತೆಗೆಸಬೇಕು. ತೊಲೆಯ ತುದಿ ಮಾತ್ರ ಕೊಳೆತಿದ್ದರೆ ಇಡೀ ತೊಲೆಯನ್ನು ಬದಲಿಸಬೇಕಾಗಿಲ್ಲ. ಕೊಳೆತ ಭಾಗವನ್ನು ಕತ್ತರಿಸಿ ಹೊಸ ಮರ ಬೆಸೆಯಬಹುದು. ಅದರ ತುದಿಯ ಸುತ್ತ ಗೋಡೆಯಲ್ಲಿ ಗಾಳಿಯಾಡಲು ತುಸು ಎಡೆ ಬಿಡಬೇಕು. ರಾಸಾಯನಿಕ ಲೇಪ ಹಾಕಿಸಲೇಬೇಕೆಂದಿದ್ದರೆ, ಅದು ತೇವವನ್ನು ಹೊರಬಿಡುವ ಜಾತಿಯದೇ ಎಂದು ವಿಚಾರಿಸಿ, ಛಾವಣಿ ಪೂರ್ತಿ ಒಣಗಿದ ಮೇಲೆಯೇ ಹಾಕಿಸಬೇಕು. ಒದ್ದೆಯ ಮೇಲೆ ಹಾಕಿದ ಲೇಪ ನೀರನ್ನು ಒಳಗೇ ಸೆರೆಯಿಟ್ಟಂತೆ.

ಹೆಂಚಿನ ಮಾಡಿನ ಮಳಿಗೆಗಳ ವಿಷಯ ಇದಕ್ಕಿಂತ ಸುಲಭ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಆರಂಭಿಸಿದಂದಿನಿಂದ ಮಂಗಳೂರು ಹೆಂಚು ನಾಡಿನ ಪೇಟೆಗಳನ್ನೆಲ್ಲ ಹೊದಿಸಿತು. ಕೋತಿಗಳ ಓಡಾಟಕ್ಕೆ ಒಡೆದ ಹೆಂಚನ್ನು ಬದಲಿಸುವುದು, ಜಾರಿದುದನ್ನು ಸರಿಪಡಿಸುವುದು, ಹೆಂಚು ಹೊತ್ತ ರೀಪುಗಳನ್ನು ಪರೀಕ್ಷಿಸುವುದು, ಎರಡು ಮಾಡುಗಳು ಕೂಡುವಲ್ಲಿನ ತಗಡಿನ ದೋಣಿಯ ಕಸ ತೆಗೆಯುವುದು ಇಷ್ಟನ್ನು ವರ್ಷವರ್ಷ ಮಾಡಿದರೆ ಸಾಕು. ಹೆಂಚಿನ ನಡುವೆ ಸಿಮೆಂಟು ಮೆತ್ತುವುದು ಬೇಡ. ಮುಂದೆ ಒಂದು ಹೆಂಚು ತೆಗೆಯಲು ಹತ್ತು ಒಡೆಯಬೇಕಾಗುತ್ತದೆ.

ಕಟ್ಟಡವು ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಸೇರಿದ್ದರೆ ದೊಡ್ಡ ದುರಸ್ತಿಗೆ ಮುನ್ನ ಸ್ಥಳೀಯ ಸಂಸ್ಥೆಯ ಅನುಮತಿ ವಿಚಾರಿಸುವುದು ಕ್ರಮ. ಮೈಸೂರಿನಲ್ಲಿ ಕೇಂದ್ರ ಕಚೇರಿಯುಳ್ಳ ರಾಜ್ಯದ ಪುರಾತತ್ತ್ವ ಇಲಾಖೆಯಲ್ಲಿಯೂ, 1984ರಲ್ಲಿ ಸ್ಥಾಪಿತವಾದ ಇಂಟ್ಯಾಕ್ ಸಂಸ್ಥೆಯಲ್ಲಿಯೂ ಸುಣ್ಣದ ಕೆಲಸ ಬಲ್ಲ ತಜ್ಞರ ವಿಷಯ ವಿಚಾರಿಸಬಹುದು.

ಛಾವಣಿಗೆ ಹೊಣೆ ಯಾರು?

ಇಷ್ಟೆಲ್ಲ ತಿಳಿದಿದ್ದರೂ ಮಾಳಿಗೆಗಳು ಸೋರುತ್ತಲೇ ಇರುವುದೇಕೆ? ನಮ್ಮ ಅಭಿಪ್ರಾಯದಲ್ಲಿ ಅದಕ್ಕೆ ಕಾರಣ ಸುಣ್ಣವೂ ಅಲ್ಲ, ಸಿಮೆಂಟೂ ಅಲ್ಲ. ಅಂಗಡಿ ಒಬ್ಬರದು, ಕಟ್ಟಡ ಇನ್ನೊಬ್ಬರದು. ಬಾಡಿಗೆ ಅಲ್ಪವೆಂದು ಮಾಲೀಕರು ದುರಸ್ತಿ ಮಾಡಿಸುವುದಿಲ್ಲ. ಕಟ್ಟಡ ತಮ್ಮದಲ್ಲವೆಂದು ಬಾಡಿಗೆದಾರರು ಹಣ ಹಾಕುವುದಿಲ್ಲ. ತಂದೆಯ ಕಾಲದ ಕಟ್ಟಡ ನಾಲ್ವರು ಅಣ್ಣತಮ್ಮಂದಿರ ಹೆಸರಿಗೆ ಬಂದಾಗ ಅಂಗಡಿಗಳನ್ನು ಭಾಗ ಮಾಡಿಕೊಳ್ಳುತ್ತಾರೆ. ಮಾಳಿಗೆಯನ್ನು ಯಾರೂ ಭಾಗಕ್ಕೆ ಕೇಳುವುದಿಲ್ಲ. ಎಲ್ಲರದಾದ ಛಾವಣಿ ಯಾರದೂ ಅಲ್ಲದಾಗುತ್ತದೆ. ಸಂಘಸಂಸ್ಥೆಗಳ, ಧರ್ಮದತ್ತಿಗಳ ಮಳಿಗೆಗಳಲ್ಲಿಯೂ ಇದೇ ಕತೆ. ಬಾಡಿಗೆ ವಸೂಲಿಗೆ ಗುಮಾಸ್ತರಿರುತ್ತಾರೆ. ಮಾಳಿಗೆ ಹತ್ತಿ ನೋಡುವವರು ಇರುವುದಿಲ್ಲ.

ಆದುದರಿಂದ ನಮ್ಮ ಕುಟುಂಬಗಳಿಗೆ ನಮ್ಮ ಸೂಚನೆ ಇಷ್ಟೇ. ಭಾಗಪತ್ರದಲ್ಲಿಯೂ ಬಾಡಿಗೆ ಕರಾರಿನಲ್ಲಿಯೂ ಛಾವಣಿಯ ಹೊಣೆ ಯಾರದೆಂದು, ಖರ್ಚು ಯಾವ ಪಾಲಿನಲ್ಲೆಂದು ಸ್ಪಷ್ಟವಾಗಿ ಬರೆಸಿರಿ. ಪ್ರತಿ ತಿಂಗಳ ಬಾಡಿಗೆಯಲ್ಲಿ ಒಂದು ಅಂಶವನ್ನು ಛಾವಣಿಗೆಂದು ತೆಗೆದಿಡಿ. ದೀಪಾವಳಿಯ ಅಂಗಡಿಪೂಜೆಗೆ ಒಳಗೆ ಸುಣ್ಣಬಣ್ಣ ಮಾಡಿಸುತ್ತೇವೆ, ಹೊಸ ಕೀರ್ದಿ ಖಾತೆ ಪುಸ್ತಕ ತೆರೆಯುತ್ತೇವೆ. ಅದರೊಡನೆ ಮಾಳಿಗೆಗೂ ಒಂದು ಪುಟ ತೆರೆಯಿರಿ: ಎಂದು ಸೋರಿತು, ಎಲ್ಲಿ ಸೋರಿತು, ಯಾರು ಏನು ಮಾಡಿದರು. ಮುಂದಿನ ತಲೆಮಾರಿನ ಇಂಜಿನಿಯರರಿಗೆ ಆ ಪುಟ ವೈದ್ಯರಿಗೆ ರೋಗಿಯ ಚೀಟಿಯಿದ್ದಂತೆ. ಮೈಸೂರು ಭಾಗದಲ್ಲಿ ಮೇ ತಿಂಗಳಿನಲ್ಲಿಯೂ ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿಯೂ ಮಳೆ ಜೋರಾಗಿರುವುದರಿಂದ ಯುಗಾದಿಯ ಹೊತ್ತಿಗೊಮ್ಮೆ, ಶ್ರಾವಣದಲ್ಲೊಮ್ಮೆ ಮಾಳಿಗೆಯನ್ನು ಗುಡಿಸಿ ಹರನಾಳಿಗೆಗಳನ್ನು ನೋಡುವ ಪದ್ಧತಿ ಇರಲಿ.

ಕಡೆಯದಾಗಿ ಒಂದು ಮಾತು. ಗೋಡೆಯಲ್ಲಿ ಹೊಸ ಬಿರುಕು ಕಾಣಿಸಿದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಛಾವಣಿಯಿಂದ ಗಾರೆಯ ಹುಡಿ ಉದುರತೊಡಗಿದರೆ, ಮರ ಕಿರುಗುಟ್ಟಿದರೆ, ವಿದ್ಯುತ್ ತಂತಿಯ ಬಳಿ ನೀರು ಇಳಿದರೆ ಲಾಭನಷ್ಟದ ಲೆಕ್ಕ ಹಾಕುತ್ತ ಕೂಡಬಾರದು. ಕೂಡಲೇ ಎಲ್ಲರನ್ನೂ ಹೊರಗೆ ಕಳುಹಿಸಿ ಅಂಗಡಿ ಮುಚ್ಚಬೇಕು. ಒಂದು ದಿನದ ವ್ಯಾಪಾರ ಮತ್ತೆ ಬಂದೀತು. ಹೋದ ಜೀವ ಬಾರದು.

ದುಡಿಮೆಯನ್ನು ಕಾಯಕವೆಂದು ಗೌರವಿಸುವ ಸಮಾಜ ನಮ್ಮದು. ಗಲ್ಲಾಪೆಟ್ಟಿಗೆಯ ಮುಂದೆ ಕೂಡುವುದು ಹೇಗೆ ಕಾಯಕವೋ, ಆ ಕಾಯಕಕ್ಕೆ ನೆರಳಾದ ಮಾಳಿಗೆಯನ್ನು ವರ್ಷಕ್ಕೆರಡು ಬಾರಿ ಏರಿ ಕಸ ಗುಡಿಸುವುದೂ ಹಾಗೆಯೇ ಕಾಯಕ. ಈ ಬಾರಿ ಮುಂಗಾರಿನ ಮೊದಲ ಮೋಡ ಕಾಣುವ ಮುನ್ನ ಓದುಗ ಬಂಧುಗಳು ತಮ್ಮ ತಮ್ಮ ಮಳಿಗೆಗಳ ಮಾಳಿಗೆಯನ್ನು ಒಮ್ಮೆ ಏರಿ ನೋಡಲಿ. ಮನೆಯ ಮಕ್ಕಳನ್ನೂ ಜೊತೆಗೆ ಕರೆದೊಯ್ದು ನೀರು ಹರಿಯುವ ದಾರಿಯನ್ನು ತೋರಿಸಲಿ.